ಮಗಳಿಗೊಂದು ಪತ್ರ: ಒಂದು ನಂಬರ್ ದೊಡ್ಡ ಸ್ಕೇಟ್

ಪುಟ್ಟಿ,

ರೈಲು ಸುಂಡ್ಸ್‌ವಾಲ್ ದಾಟಿತು ಅಂತ ಅಮ್ಮನಿಗೆ ಮೆಸೇಜ್ ಹಾಕಿದ್ದೀಯ. ನನಗೆ ಹಾಕಿಲ್ಲ. ಹಾಕಬೇಕಿತ್ತು ಅಂತಲ್ಲ, ಸುಮ್ನೆ ಹೇಳಿದೆ. ಸ್ಟೇಷನ್ನಿನಲ್ಲಿ ನಾನೂ ಏನು ಮಾತಾಡಿದೆ? ಬ್ಯಾಗಿನ ಜಿಪ್ಪು ಹಾಕಿದ್ದೀಯಾ ಅಂತ ಮೂರು ಸಲ ಕೇಳಿದೆ, ಅಷ್ಟೇ.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನಗೆ ಓದೋಕೆ ಹೊತ್ತು ಹಿಡಿಯುತ್ತೆ, ಹಿಡಿಯಲಿ. ಸ್ವೀಡಿಷ್‌ನಲ್ಲಿ ಬರೆದರೆ ನೀನು ನನ್ನ ವ್ಯಾಕರಣ ತಿದ್ದುತ್ತಾ ಕೂರುತ್ತೀಯ, ವಿಷಯ ಅಲ್ಲೇ ಉಳಿಯುತ್ತೆ.

ಏಪ್ರಿಲ್‌ನಲ್ಲಿ ಆ ರಾತ್ರಿ ಊಟಕ್ಕೆ ಕೂತಾಗ ಯಾರು ಏನಂದರು ಅಂತ ಇಬ್ಬರಿಗೂ ಗೊತ್ತು. ಅದನ್ನು ಮತ್ತೆ ಕೆದಕಲ್ಲ. ಐಸ್ ಹಾಕಿ ಆಡೋಕೆ ನೀನು ಬೇರೆ ಊರಿಗೆ ಹೋಗ್ತೀನಿ ಅಂದಾಗ ಅಲ್ಲಿನ ಬಾಡಿಗೆ ಕಾಗದಕ್ಕೆ ಸಹಿ ಹಾಕಲ್ಲ ಅಂದೆ, ಆಮೇಲೆ ಹಾಕಿದೆ. ಈಗ ಹೇಳಬೇಕಿರೋದು ಬೇರೆ, ಸ್ಕೇಟಿನ ವಿಷಯ.

ನಿನಗೆ ಏಳು ವರ್ಷ. ಕ್ಲಬ್ಬಿನವರು ಐಸ್ ಹಾಲ್ ಹೊರಗಡೆ ಹಳೇ ಸಾಮಾನಿನ ಸಂತೆ ಹಾಕಿದ್ದರು. ಹೆಲ್ಮೆಟ್, ಮೊಣಕಾಲಿನ ಪ್ಯಾಡ್, ಯಾರದೋ ಮಕ್ಕಳ ಹೆಸರು ಬರೆದ ಸ್ಟಿಕ್ಕುಗಳು. ಅಲ್ಲಿ ಒಂದು ಜೊತೆ ಸ್ಕೇಟ್ ಸಿಕ್ಕಿತು, ಇನ್ನೂರೈವತ್ತು ಕ್ರೋನರ್. ನಿನ್ನ ಕಾಲಿಗೆ ಒಂದು ನಂಬರ್ ದೊಡ್ಡದು. ನನಗೆ ಖುಷಿಯೋ ಖುಷಿ. ಮುಂದಿನ ವರ್ಷಕ್ಕೂ ಆಗುತ್ತೆ! ಅರಸೀಕೆರೆಯಲ್ಲಿ ನಿನ್ನ ತಾತ ನನಗೆ ಶೂ ಕೊಡಿಸುತ್ತಿದ್ದದ್ದೇ ಹಾಗೆ. ಜೂನ್‌ನಲ್ಲಿ ತುದಿಗೆ ಹತ್ತಿ ತುರುಕಬೇಕು, ಮಾರನೇ ಜೂನ್ ಹೊತ್ತಿಗೆ ಸರಿಯಾಗಬೇಕು. ಬೆಳೆಯೋ ಮಕ್ಕಳಿಗೆ ಅಳತೆ ನೋಡಿ ಕೊಡಿಸೋದು ದುಡ್ಡು ಜಾಸ್ತಿ ಇರೋರ ಕೆಲಸ ಅಂತಲೇ ತಿಳಿದುಕೊಂಡಿದ್ದೆ.

ಹಾಕಿ ಸ್ಕೇಟ್ ತದ್ವಿರುದ್ಧ. ದಿನಾ ಹಾಕೋ ಶೂಗಿಂತ ಒಂದು, ಒಂದೂವರೆ ನಂಬರ್ ಚಿಕ್ಕದಿರಬೇಕು. ಬೆರಳ ತುದಿ ಮುಂದೆ ಸ್ವಲ್ಪವೇ ತಾಗಬೇಕು, ಹಿಮ್ಮಡಿ ಅಲ್ಲಾಡಬಾರದು. ಮಾರುತ್ತಿದ್ದ ಹೆಂಗಸು ಇದನ್ನೇ ಹೇಳಿದಳು ಅಂತ ಕಾಣುತ್ತೆ. ಆಗ ನನಗೆ ಭಾಷೆ ಅರ್ಧ ಅರ್ಥವಾಗುತ್ತಿತ್ತು. ಅರ್ಥವಾದ ಅರ್ಧವನ್ನೂ ನಾನು ನಂಬಲಿಲ್ಲ.

ಎರಡು ಜೊತೆ ಉಲ್ಲನ್ ಸಾಕ್ಸ್ ಹಾಕಿಸಿದೆ. ಬಟ್ಟೆ ಬದಲಿಸೋ ಕೋಣೆಯ ರಬ್ಬರ್ ನೆಲದ ಮೇಲೆ ಮಂಡಿಯೂರಿ ಕೂತು ಲೇಸ್ ಕಟ್ಟಿದೆ. ಸುತ್ತ ಎಲ್ಲ ಅಪ್ಪಂದಿರೂ ಹಾಗೇ ಕೂತಿದ್ದರು. ಅವರೆಲ್ಲ ಹುಟ್ಟುತ್ತಲೇ ಕಲಿತವರ ಹಾಗೆ ಎರಡು ನಿಮಿಷಕ್ಕೆ ಮುಗಿಸಿ ಕಾಫಿಗೆ ಎದ್ದರು. ನಾನು ಒಂದೊಂದು ತೂತಿನಲ್ಲೂ ಎಳೆದೂ ಎಳೆದೂ ಬೆರಳು ಕೆಂಪಾಯಿತು. "ಸರಿ ಇದೆಯಾ?" ಅಂದೆ. ತಲೆ ಆಡಿಸಿದೆ ನೀನು. ಒಂದು ಗಂಟೆ ಆಡಿದೆ. ಬಿದ್ದೆ, ಎದ್ದೆ, ನನ್ನ ಕಡೆ ನೋಡಿ ಕೈ ಬೀಸಿದೆ.

ಕಾರಿನಲ್ಲಿ ಸಾಕ್ಸ್ ಎಳೆದರೆ ಬರುತ್ತಿಲ್ಲ. ಹಿಮ್ಮಡಿಗೆ ಅಂಟಿಕೊಂಡಿದೆ. ರಕ್ತ. ಮನೆಗೆ ಬಂದು ಬಿಸಿನೀರಲ್ಲಿ ಅದ್ದಿ ಬಿಡಿಸಿದೆವು. "ಯಾಕೆ ಹೇಳಲಿಲ್ಲ?" ಅಂತ ಕೇಳಿದೆ. "ನೀನು ಕೊಡಿಸಿದ್ದಲ್ವಾ ಅಪ್ಪ" ಅಂದೆ.

ನಿನಗೆ ಇದು ನೆನಪೇ ಇರಲಿಕ್ಕಿಲ್ಲ. ನನಗೆ ಒಂಬತ್ತು ವರ್ಷದಿಂದ ಅದೇ.

ನೀನು ಹೋಗಿರೋ ಊರಿನಲ್ಲಿ ಹಾಕಿ ಆಟಗಾರ ಫಾರ್ಸ್‌ಬರ್ಗ್ ಹೆಸರು ಹೇಳದೆ ಯಾರೂ ಕಾಫಿ ಕುಡಿಯಲ್ಲವಂತೆ. ಓರ್ನ್‌ಶೋಲ್ಡ್ಸ್‌ವಿಕ್ 30 ಸಾವಿರ ಚಿಲ್ಲರೆ ಜನರ ಊರು, ನಮ್ಮ ಅರಸೀಕೆರೆಗಿಂತ ಚಿಕ್ಕದು. ಅಲ್ಲಿ 1973ರ ಜುಲೈ 20ಕ್ಕೆ ಪೀಟರ್ ಫಾರ್ಸ್‌ಬರ್ಗ್ ಹುಟ್ಟಿದ, ಹತ್ತೇ ದಿನಕ್ಕೆ ಮಾರ್ಕುಸ್ ನೆಸ್ಲುಂಡ್ ಹುಟ್ಟಿದ. ಇವರ ಹಾಗೇ ಹಾಕಿ ಆಡಿದ ಸೆಡೀನ್ ಅವಳಿಗಳೂ ಅಲ್ಲಿಯವರೇ. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. 1994ರ ಒಲಿಂಪಿಕ್ ಫೈನಲ್‌ನಲ್ಲಿ ಫಾರ್ಸ್‌ಬರ್ಗ್ ಕೆನಡಾದ ಗೋಲ್‌ಕೀಪರನ್ನು ಒಂದು ಕಡೆ ಎಳೆದು, ಸ್ಟಿಕ್ಕನ್ನು ಒಂದೇ ಕೈಲಿ ಹಿಡಿದು ಇನ್ನೊಂದು ಕಡೆಯಿಂದ ಪಕ್, ಅದೇ ರಬ್ಬರ್ ಬಿಲ್ಲೆ, ಜಾರಿಸಿದನಲ್ಲ, ಅದನ್ನು ನೀನು ನಮ್ಮ ಹಜಾರದಲ್ಲಿ ಸುತ್ತಿಟ್ಟ ಸಾಕ್ಸಿನಲ್ಲಿ ಎಷ್ಟು ಸಲ ಮಾಡಿದ್ದೀಯೋ. ಆ ಗೋಲು ಅಂಚೆ ಚೀಟಿಯಾಯಿತು. ಬಾಗಿಲ ಹತ್ತಿರದ ನಮ್ಮ ದೀಪ ಒಡೆಯಿತು.

ಆದರೆ ಅಂಚೆ ಚೀಟಿಯಲ್ಲಿ ಕಾಲು ಕಾಣಲ್ಲ. ನಾನು ಓದಿದ್ದು ಅವನ ಕಾಲಿನ ಕಥೆ.

2001ರ ಮೇ ತಿಂಗಳು. ಅವನು ಆಡುತ್ತಿದ್ದ ಅಮೆರಿಕದ ಕೊಲೊರಾಡೊ ತಂಡ ಲಾಸ್ ಏಂಜಲೀಸ್ ತಂಡದ ಮೇಲೆ ಏಳನೇ ಪಂದ್ಯ ಗೆದ್ದ ರಾತ್ರಿ. ಊಟಕ್ಕೆ ಹೋದವನಿಗೆ ಹೊಟ್ಟೆನೋವು. ಒಳಗೆ ಗುಲ್ಮ, ಅದೇ ಸ್ಪ್ಲೀನ್, ಒಡೆದಿತ್ತು. ಆ ರಾತ್ರಿಯೇ ಆಪರೇಷನ್ ಮಾಡಿ ತೆಗೆದರು. ಅವನಿಲ್ಲದೆ ಅವನ ತಂಡ ಕಪ್ ಗೆದ್ದಿತು. ಮುಂದಿನ ಸೀಸನ್ನಿನ ಮಾಮೂಲಿ ಪಂದ್ಯ ಒಂದನ್ನೂ ಆಡಲಿಲ್ಲ. ನೇರ ಪ್ಲೇಆಫ್‌ಗೆ, ಅಂದರೆ ಕಪ್ಪಿಗಾಗಿ ನಡೆಯೋ ಕೊನೆಯ ಸುತ್ತುಗಳಿಗೆ, ಬಂದು 20 ಪಂದ್ಯದಲ್ಲಿ 27 ಪಾಯಿಂಟ್ (ಗೋಲು, ಗೋಲಿಗೆ ಕೊಟ್ಟ ಪಾಸು ಎರಡೂ ಸೇರಿ), ಎಲ್ಲರಿಗಿಂತ ಜಾಸ್ತಿ. ಅದರ ಮುಂದಿನ ಸೀಸನ್‌ನಲ್ಲಿ 106 ಪಾಯಿಂಟ್, ಲೀಗಿನ ಅತ್ಯುತ್ತಮ ಆಟಗಾರ. ಓದುತ್ತಾ ಓದುತ್ತಾ ನನಗೂ ಎದ್ದು ಚಪ್ಪಾಳೆ ಹೊಡೆಯೋಣ ಅನ್ನಿಸಿತು.

ಆಮೇಲೆ ಬಲಗಾಲು ಕೈಕೊಟ್ಟಿತು. ಸ್ಕೇಟಿನೊಳಗೆ ಪಾದ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆಪರೇಷನ್ ಮೇಲೆ ಆಪರೇಷನ್. ಸ್ಕೇಟ್ ಮೇಲೆ ಸ್ಕೇಟ್ ಮಾಡಿಸಿ ನೋಡಿದ. ಫಿಲಡೆಲ್ಫಿಯಾ, ನ್ಯಾಶ್‌ವಿಲ್, ಮತ್ತೆ ಕೊಲೊರಾಡೊ, ನಡುನಡುವೆ ಮನೆಯೂರಿನ ಮೋಡೊ ಕ್ಲಬ್. ಕೊನೆಗೆ 2011ರ ಫೆಬ್ರವರಿಯಲ್ಲಿ ಇನ್ನೊಂದು ಸಲ ಅಂತ ಬಂದು ಎರಡೇ ಪಂದ್ಯ ಆಡಿ ನಿಲ್ಲಿಸಿದ. 37 ವರ್ಷ. ಜಗತ್ತಿನಲ್ಲೇ ಒಳ್ಳೆ ಸ್ಕೇಟ್ ಮಾಡೋರು, ಒಳ್ಳೆ ಡಾಕ್ಟರುಗಳು, ಎಲ್ಲ ಇದ್ದೂ ಅವನ ಕಾಲಿಗೆ ಹೊಂದೋ ಸ್ಕೇಟ್ ಸಿಗಲಿಲ್ಲ. ಇದನ್ನು ಓದಿದ ರಾತ್ರಿ ನಾನು ಎದ್ದು ಸ್ಟೋರ್‌ರೂಮಿಗೆ ಹೋದೆ. ಆ ಇನ್ನೂರೈವತ್ತರ ಸ್ಕೇಟ್ ಇನ್ನೂ ಅಲ್ಲೇ ಇದೆ. ಅಮ್ಮ ಎಷ್ಟು ಸಲ ಬಿಸಾಕಿ ಅಂದಳು.

ನಿನ್ನ ಕಾಲು ನೋವಿಗೆ ಆ ಸ್ಕೇಟೇ ಕಾರಣ ಅಂತಲ್ಲ. ಅಷ್ಟು ದಡ್ಡ ಅಲ್ಲ ನಾನು. ಆದರೆ ನೋವು ಮುಚ್ಚಿಡೋದನ್ನು ನೀನು ಅವತ್ತೇ ಕಲಿತೆಯೇನೋ ಅಂತ ಭಯ. ಈ ಮಾರ್ಚ್‌ನಲ್ಲಿ ಐದು ವಾರ ಊದಿದ ಕಾಲಿಗೆ ಟೇಪ್ ಸುತ್ತಿ ಆಡಿದೆಯಲ್ಲ. ನನಗೆ ಗೊತ್ತಾಗಿದ್ದು ನೀನು ಹೇಳಿ ಅಲ್ಲ. ಕಸದ ಬುಟ್ಟಿಯಲ್ಲಿ ಖಾಲಿ ಟೇಪಿನ ಉಂಗುರಗಳನ್ನು ಎಣಿಸಿ. ಹದಿನಾಲ್ಕು. ಕೂಗಾಡಿದ್ದು ಅದಕ್ಕೆ. ಆದರೆ ಕೂಗಾಡುವಾಗ ಬಾಯಿಗೆ ಬಂದಿದ್ದು ಬೇರೇನೋ. "ಹಾಕಿ ಹೊಟ್ಟೆ ತುಂಬಿಸುತ್ತಾ?" ಅಂದುಬಿಟ್ಟೆ. ಕೆದಕಲ್ಲ ಅಂತ ಮೇಲೆ ಬರೆದವನು ಕೆದಕುತ್ತಿದ್ದೇನೆ ನೋಡು. ಅದನ್ನು ಹೇಳಬಾರದಿತ್ತು. ತಪ್ಪಾಯಿತು.

ಹಾಗಂತ ಪ್ರಶ್ನೆಯೇ ತಪ್ಪಲ್ಲ, ಕೇಳಿದ ರೀತಿ ತಪ್ಪು. ಗಂಡಸರ ಹಾಕಿಯ ದುಡ್ಡು ಹೆಂಗಸರ ಹಾಕಿಯಲ್ಲಿ ಇಲ್ಲ. ನಿನ್ನ ಇಷ್ಟದ ಸ್ವೀಡನ್ ಆಟಗಾರ್ತಿ ಮರಿಯಾ ರೂತ್ 2006ರ ಟ್ಯೂರಿನ್ ಒಲಿಂಪಿಕ್‌ನಲ್ಲಿ ಅಮೆರಿಕದ ಮೇಲೆ ಎರಡು ಗೋಲು ಹೊಡೆದು, ಶೂಟೌಟ್‌ನಲ್ಲೂ ಗೆಲುವಿನ ಗೋಲು ಹೊಡೆದಳು. ಅಂಥವಳ ದೇಶದಲ್ಲಿ 2019ರಲ್ಲಿ ಹೆಂಗಸರ ರಾಷ್ಟ್ರೀಯ ತಂಡದವರೇ ಸರಿಯಾದ ಸೌಲಭ್ಯ, ಸಂಭಾವನೆ ಕೊಡಿ ಅಂತ ಶಿಬಿರಕ್ಕೆ ಹೋಗದೆ ಕೂರಬೇಕಾಯಿತು. ಈಗಲೂ ಇಲ್ಲಿನ ಮೇಲಿನ ಲೀಗಿನಲ್ಲಿ ಆಡೋ ಎಷ್ಟೋ ಜನ ಹಗಲು ಕೆಲಸಕ್ಕೆ ಹೋಗಿ ಸಂಜೆ ಐಸಿಗೆ ಇಳಿಯುತ್ತಾರೆ. 2024ರಲ್ಲಿ ಅಮೆರಿಕ, ಕೆನಡಾದಲ್ಲಿ ಹೊಸ ಲೀಗ್ ಶುರುವಾಗಿದೆ, ಸರಿ. ಅದನ್ನು ನಂಬಿ ಗಣಿತ ಬಿಡಬೇಡ. ಗಣಿತ ಬಿಡಬೇಡ ಅಂದರೆ ಹಾಕಿ ಬಿಡು ಅಂತಲ್ಲ. ರಾತ್ರಿ ಹತ್ತಕ್ಕೆ ಮಲಗು. ಬೆಳಿಗ್ಗೆ ತಿಂಡಿ ತಿನ್ನದೆ ಐಸಿಗೆ ಇಳಿಯಬೇಡ. ಇಲ್ಲಿ ಹೆಂಗಸರ ಮೇಲಿನ ಲೀಗಿನಲ್ಲಿ 2022ರಿಂದ ಮೈಗೆ ಮೈ ಗುದ್ದಿ ಆಡೋದಕ್ಕೂ ಬಿಟ್ಟಿದ್ದಾರೆ. ತಲೆಗೆ ಪೆಟ್ಟು ಬಿದ್ದು ಕಣ್ಣು ಮಂಜಾದರೆ, ವಾಂತಿ ಬಂದ ಹಾಗಾದರೆ, ಆ ಕ್ಷಣ ಬೆಂಚಿಗೆ ಬಂದು ಹೇಳು. ಪಂದ್ಯ ಯಾವುದಾದರೂ ಆಗಿರಲಿ. ಯಾರು ಏನಂದರೂ ಅನ್ನಲಿ.

ಭಾಷಣ ಶುರುವಾಯಿತು ಅಂತ ನೀನು ಈಗ ಮುಖ ಸಿಂಡರಿಸಿದ್ದೀಯ. ಗೊತ್ತು.

ಇನ್ನೊಂದು ಮಾತು. ಅರಸೀಕೆರೆಯಿಂದ ನಿನ್ನ ದೊಡ್ಡಪ್ಪ ಫೋನ್ ಮಾಡಿ, "ಹುಲ್ಲಿನ ಮೇಲೆ ಆಡೋದು ತಾನೇ? ಅದಕ್ಕೆ ಅಷ್ಟು ದೂರ ಯಾಕೆ?" ಅಂದರು. ಅದು ಬೇರೆ, ಅದನ್ನು ಇಲ್ಲಿಯವರು ಲಾಂಡ್‌ಹಾಕಿ ಅಂತಾರೆ, ಬರೀ ಹಾಕಿ ಅಂದರೆ ಐಸಿನದೇ ಅಂತ ಅರ್ಧ ಗಂಟೆ ವಿವರಿಸಿದೆ. ಫಾರ್ವರ್ಡ್ ಅಂದರೆ ಏನು ಅಂತ ಕೇಳಿದರು. ಗೋಲು ಹೊಡೆಯೋರು ಅನ್ನಬೇಕಿತ್ತು. ಆದರೆ ಫೆಬ್ರವರಿಯಲ್ಲಿ ನೀನು ಕೊಟ್ಟ ಆ ಪಾಸ್ ನೆನಪಾಯಿತು. ಗೋಲಿನ ಮುಂದೆ ನೀನೇ ನಿಂತಿದ್ದೆ, ಹೊಡೆಯಬಹುದಿತ್ತು. ಹಿಂದೆ ನೋಡದೆ ಎಡಕ್ಕೆ ತಳ್ಳಿದೆ, ಅಲ್ಲಿ ನಿಮ್ಮ ಹುಡುಗಿ ಇದ್ದಳು. ಫಾರ್ಸ್‌ಬರ್ಗ್ ಕೂಡ ಹಾಗೇ. ಅಮೆರಿಕದ ಲೀಗಿನಲ್ಲಿ 708 ಪಂದ್ಯ, ಗೋಲು 249, ಗೋಲಿಗೆ ಕೊಟ್ಟ ಪಾಸು 636. "ಬೇರೆಯವರಿಗೆ ಹೊಡೆಯೋಕೆ ದಾರಿ ಮಾಡಿಕೊಡೋಳು" ಅಂದೆ ದೊಡ್ಡಪ್ಪನಿಗೆ. ಹೇಳುವಾಗ ಗಂಟಲು ಕಟ್ಟಿತು, ಲೈನ್ ಸರಿ ಇಲ್ಲ ಅಂತ ಫೋನ್ ಇಟ್ಟೆ.

ಬಾಲ್ಕನಿಯಲ್ಲಿ ನಿನ್ನ ಪ್ಯಾಡ್ ಒಣಗಿಸುತ್ತಿದ್ದ ತಂತಿ ಖಾಲಿ ಇದೆ. ಆ ನಾತ ಇಲ್ಲದೆ ಮನೆ ಮನೆಯ ಹಾಗಿಲ್ಲ ಅಂತ ಅಮ್ಮನೇ ಅಂದಳು. ವರ್ಷಗಟ್ಟಲೆ ಬೈದವಳು!

ಈಗ ಕೆಲಸದ ವಿಷಯ. ಅಕ್ಟೋಬರ್‌ಗೆ ನಿನಗೆ ಹೊಸ ಸ್ಕೇಟ್ ಬೇಕು ಅಂತ ಹೇಳಿದ್ದೆ. ಒಂದು ದೊಡ್ಡ ಬಿಳಿ ಹಾಳೆ ನೆಲಕ್ಕಿಟ್ಟು ಅದರ ಮೇಲೆ ನಿಂತುಕೋ. ಕೂತು ಅಲ್ಲ, ನಿಂತು. ಸಾಕ್ಸ್ ಬೇಡ. ಸಂಜೆ ಅಳೆ, ಬೆಳಿಗ್ಗೆಗಿಂತ ಸಂಜೆ ಕಾಲು ಸ್ವಲ್ಪ ಅಗಲ ಆಗಿರುತ್ತೆ. ಜೊತೆಯ ಹುಡುಗಿಗೆ ಪೆನ್ಸಿಲ್ ಕೊಟ್ಟು ಎರಡೂ ಪಾದದ ಸುತ್ತ ಗೆರೆ ಎಳೆಸು. ಬಲಗಾಲಿನ ಹೊರಗೆಣ್ಣು ಈಗಲೂ ಊದುತ್ತಾ ಅಂತ ಪಕ್ಕದಲ್ಲಿ ಬರೆ. ನಿಜ ಬರೆ. ಫೋಟೋ ಬೇಡ, ಹಾಳೆಯನ್ನೇ ಅಂಚೆಗೆ ಹಾಕು. ಅಂಗಡಿಯವನ ಮುಂದೆ ಬಿಚ್ಚಿಟ್ಟು ನಾನೇ ಮಾತಾಡುತ್ತೇನೆ, ಈಗ ಭಾಷೆ ಪೂರ್ತಿ ಅರ್ಥವಾಗುತ್ತೆ.

ಚಟ್ನಿಪುಡಿ ನೀಲಿ ಡಬ್ಬಿಯಲ್ಲಿದೆ, ಸ್ಕೇಟಿನ ಪಕ್ಕ ಇಡಬೇಡ.

ಅಪ್ಪ