ವಿನ್‌ಸ್ಟನ್‌ನನ್ನು ಹುತಾತ್ಮ ಮಾಡಬೇಡ

ಚಿ. ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಪ್ರಬಂಧ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯ ನಾಯಕ ವಿನ್‌ಸ್ಟನ್ ಸ್ಮಿತ್‌ಗೆ ಮೊದಲ ಪುಟದಲ್ಲೇ ಧೀರ, ಸತ್ಯವಂತ, ಏಕಾಂಗಿ ಹೋರಾಟಗಾರ ಅಂತ ಮೂರು ಪದಕ ಕೊಟ್ಟುಬಿಟ್ಟಿದ್ದೀಯ. ಅವನ್ನು ತೆಗೆ.

ಅವನನ್ನು ಇನ್ನೊಮ್ಮೆ ನೋಡು. ವಯಸ್ಸು 39. ಕಾಲಲ್ಲಿ ತುರಿಸುವ ಹುಣ್ಣು. ಇಲಿ ಕಂಡರೆ ಜೀವ ಹೋಗುತ್ತದೆ. ಜನರ ಮೇಲೆ ಕಣ್ಣಿಡುವ ಪರದೆ, ಟೆಲಿಸ್ಕ್ರೀನಿಗೆ ಕಾಣದ ಮೂಲೆಯಲ್ಲಿ ಕೂತು ದಿನಚರಿ ಶುರು ಮಾಡುತ್ತಾನೆ, ನಿಜ. ಮೊದಲ ದಿನ ಬರೆಯುವುದೇನು? ನಿರಾಶ್ರಿತರ ಹಡಗಿನ ಮೇಲೆ ಬಾಂಬ್ ಬೀಳುವ ಸಿನಿಮಾ ಭಾರಿ ಚೆನ್ನಾಗಿತ್ತು ಅಂತ! ಅವನಲ್ಲಿ ಧೈರ್ಯಕ್ಕಿಂತ ಜಾಸ್ತಿ ಇರುವುದು ನೆನಪಿನ ಕಾಟ. ಕ್ರಾಂತಿಗೆ ಮೊದಲು ಬದುಕು ಹೇಗಿತ್ತು ಅಂತ ಯಾರೋ ಮುದುಕನಿಗೆ ಬಿಯರ್ ಕುಡಿಸಿ ಕೇಳುತ್ತಾನೆ. ಅವನ ಸ್ವಂತ ನೆನಪೂ ಅವನನ್ನು ಬಿಡುವುದಿಲ್ಲ. ಚಿಕ್ಕವನಿದ್ದಾಗ ಹಸಿದ ತಂಗಿಯ ಕೈಯಿಂದ ಚಾಕಲೇಟ್ ಕಿತ್ತುಕೊಂಡು ಓಡಿದ್ದೂ ಕನಸಿನ ಹಿಂದೆಯೇ ನೆನಪಾಗುತ್ತದೆ.

ಇನ್ನು ಅವನ ಕೆಲಸ. ಹಳೇ ಪತ್ರಿಕೆಗಳನ್ನು ದೇಶ ಆಳುವ ಪಕ್ಷಕ್ಕೆ ಬೇಕಾದಂತೆ ತಿದ್ದುವುದು. ‘ಬಲವಂತಕ್ಕೆ ಮಾಡುತ್ತಿದ್ದ’ ಅಂತ ಬರೆದಿದ್ದೀಯ. ಅಲ್ಲ ಪುಟ್ಟಿ, ಆ ಕೆಲಸ ಅವನಿಗೆ ಇಷ್ಟ. ಪಕ್ಷದ ನಾಯಕ ಬಿಗ್ ಬ್ರದರ್ ಹೊಗಳಿದ್ದ ಒಬ್ಬನನ್ನು ಪಕ್ಷ ಮಾಯ ಮಾಡಿದಾಗ, ಆ ಜಾಗಕ್ಕೆ ಓಗಿಲ್ವಿ ಎಂಬ ವೀರನನ್ನು ಹುಟ್ಟುಹಾಕುತ್ತಾನೆ. ಅಂಥ ಮನುಷ್ಯ ಇರಲೇ ಇಲ್ಲ. ಅವನ ಬಾಲ್ಯ, ಸಾವು ಎಲ್ಲವನ್ನೂ ಕೂತಲ್ಲೇ ಹೆಣೆಯುತ್ತಾನೆ, ಖುಷಿಯಿಂದ. ಆರ್ವೆಲ್ ಬರ್ಮಾದಲ್ಲಿ ಬ್ರಿಟಿಷರ ಪೊಲೀಸ್ ಆಗಿದ್ದವನು. ಮನಸ್ಸಿನಲ್ಲಿ ಬೈಯುತ್ತಲೇ ಸರ್ಕಾರದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವವರನ್ನು ಅವನು ನೋಡಿರದೆ ಇರುತ್ತಾನಾ? ಮೋತಿಹಾರಿಯಲ್ಲಿ ಹುಟ್ಟಿದ ಅಂತ ಅರ್ಧ ಪುಟ ಎಳೆಯುವ ಬದಲು ಈ ಮಾತು ಹಾಕು.

ನೀನು ಬಿಟ್ಟೇಬಿಟ್ಟ ಜಾಗ ಒಂದಿದೆ. ಪಕ್ಷವನ್ನು ಉರುಳಿಸಲು ಒಂದು ಮಗುವಿನ ಮುಖಕ್ಕೆ ಸಲ್ಫ್ಯೂರಿಕ್ ಆಸಿಡ್ ಎರಚುತ್ತೀಯಾ ಅಂತ, ಬಂಡಾಯಗಾರನಂತೆ ನಟಿಸುವ ಪಕ್ಷದ ಅಧಿಕಾರಿ ಓಬ್ರಿಯನ್ ಕೇಳುತ್ತಾನೆ. ವಿನ್‌ಸ್ಟನ್ ಹೂಂ ಅನ್ನುತ್ತಾನೆ. ಮುಂದೆ ಸೆರೆಯಲ್ಲಿ ‘ನಾನು ನಿಮಗಿಂತ ಮೇಲು’ ಅಂದಾಗ ಓಬ್ರಿಯನ್ ವಾದ ಮಾಡುವುದಿಲ್ಲ. ಸುಮ್ನೆ ಅಂದು ಹೂಂ ಅಂದ ಮಾತಿನ ರೆಕಾರ್ಡಿಂಗ್ ಹಾಕುತ್ತಾನೆ. ಇಡೀ ಕಾದಂಬರಿಯಲ್ಲಿ ಸೆರೆಯಲ್ಲಿ ಅವನ ಮುಖಕ್ಕೆ ಒಡ್ಡುವ ಇಲಿಗಳಿಗಿಂತ ನನಗೆ ಭಯ ಹುಟ್ಟಿಸಿದ್ದು ಇದೇ.

ಅವನ ಪ್ರೇಯಸಿ ಜೂಲಿಯಾಳ ವಿಷಯದಲ್ಲಿ ನಿನ್ನ ಮೇಲೆ ಸ್ವಲ್ಪ ಸಿಟ್ಟೇ ಬಂತು. ವಿನ್‌ಸ್ಟನ್ ನಿಷೇಧಿತ ಪುಸ್ತಕ ಓದಿ ಹೇಳುವಾಗ ನಿದ್ದೆ ಹೋದಳು ಅಂತ ಅವಳನ್ನು ಹಗುರ ಮಾಡಿದ್ದೀಯ. ಚೀಟಿ ಕೊಟ್ಟು ಮೊದಲು ಮುಂದೆ ಬಂದವಳು ಅವಳು. ಊರಾಚೆ ಭೇಟಿಯ ಜಾಗ ಗೊತ್ತಿದ್ದದ್ದೂ ಅವಳಿಗೇ. ‘ನೀವಿಬ್ಬರೂ ಬೇರೆಯಾಗಲು ತಯಾರಾ?’ ಅಂತ ಓಬ್ರಿಯನ್ ಕೇಳಿದಾಗ ತಟ್ಟನೆ ‘ಇಲ್ಲ’ ಅಂದದ್ದು ಜೂಲಿಯಾ. ವಿನ್‌ಸ್ಟನ್‌ಗೆ ಬಾಯಿ ಬರಲು ಹೊತ್ತು ಹಿಡಿಯಿತು. ಹಾಗಿರುವಾಗ ‘ಏಕಾಂಗಿ’ ಅನ್ನುವ ಪದವನ್ನು ಇನ್ನೊಮ್ಮೆ ಯೋಚಿಸು.

ಒಂದು ಗುಣ ಮಾತ್ರ ನೀನು ಸರಿಯಾಗಿ ಹಿಡಿದಿದ್ದೀಯ: ದಿನಚರಿ ತೆರೆದಾಗಲೇ ತಾನು ಸತ್ತಂತೆ ಅಂತ ಅವನು ತೀರ್ಮಾನಿಸಿರುತ್ತಾನೆ. ಆದರೆ ಅದನ್ನು ಧೈರ್ಯದ ಲೆಕ್ಕಕ್ಕೆ ಹಾಕಬೇಡ. ಹೇಗೂ ಸಾಯುವವನೇ ಅನ್ನುವ ಉಡಾಫೆಯಲ್ಲೇ ಅಲ್ವಾ, ದಿನಚರಿ ಪುಸ್ತಕ ಮಾರಿದ, ಒಳಗೊಳಗೇ ಪೊಲೀಸ್ ಆಗಿದ್ದವನ ಅಂಗಡಿಯ ಮೇಲೇ ಕೋಣೆ ಹಿಡಿದು ಸಿಕ್ಕಿಬಿದ್ದದ್ದು?

‘ದೇಹ ಸೋತರೂ ಮನಸ್ಸು ಗೆದ್ದಿತು’ ಅನ್ನುವ ನಿನ್ನ ಕೊನೆಯ ಸಾಲು ಹೊಡೆದುಹಾಕು. ಕಾದಂಬರಿ ಮುಗಿಯುವುದು ಅವನು ಬಿಗ್ ಬ್ರದರ್‌ನನ್ನು ಪ್ರೀತಿಸುವುದರಲ್ಲಿ. ತಿದ್ದಿ ಕಳಿಸು, ಮತ್ತೆ ಓದುತ್ತೇನೆ. ಅಕ್ಕ ಭಾವನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ