ಅಂಗನವಾಡಿಯ ಕಕ್ಕಸು ಮಕ್ಕಳ ಅಳತೆಗೆ ಇರಲಿ

ಮಾನ್ಯ ಸಂಪಾದಕರೇ,

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದು ನಿವೃತ್ತಳಾದವಳು. ಅಂಗನವಾಡಿ ಅಂದರೆ ಎಲ್ಲರೂ ಮೊಟ್ಟೆ, ಹಾಲು, ಮಕ್ಕಳ ತೂಕದ ಬಗ್ಗೆ ಮಾತಾಡುತ್ತಾರೆ. ಅದೆಲ್ಲ ಬೇಕು. ಆದರೆ ಮೂರು ವರ್ಷದ ಮಗು ಅಲ್ಲಿ ಎರಡಕ್ಕೆ ಎಲ್ಲಿ ಕೂರುತ್ತದೆ ಅಂತ ಯಾರೂ ಕೇಳುವುದಿಲ್ಲ. ಅದನ್ನು ಕೇಳಲೆಂದೇ ಈ ಪತ್ರ.

ನಮ್ಮ ಕಡೆ ಅಜ್ಜಿಯರು ಕೂಸು ಕತ್ತು ನಿಲ್ಲಿಸಿದ ಸ್ವಲ್ಪ ದಿನಕ್ಕೇ ಅಭ್ಯಾಸ ಶುರು ಮಾಡುತ್ತಾರೆ. ಕಾಲು ಚಾಚಿ ಕೂತು, ಪಾದಗಳ ಮೇಲೆ ಕೂಸನ್ನು ಕೂರಿಸಿ, ಹಿಂದಿನಿಂದ ಹಿಡಿದು ‘ಸ್ಸ್ಸ್’ ಅನ್ನುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಸಲ, ಹಾಲು ಕುಡಿಸಿದ ಮೇಲೆ ಒಂದು ಸಲ. ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ಕರುಳು ಚುರುಕಾಗುತ್ತದೆ. ಡಾಕ್ಟರು ಹೇಳುವ ಈ ಮಾತು ಅವರಿಗೆ ಮಕ್ಕಳನ್ನು ಸಾಕಿ ಸಾಕಿಯೇ ಗೊತ್ತು. ಹೆಚ್ಚಿನ ಮಕ್ಕಳು ಒಂದೂವರೆಯಿಂದ ಮೂರು ವರ್ಷದೊಳಗೆ ಹಗಲು ಹೊತ್ತು ‘ಕಕ್ಕ’, ‘ಉಚ್ಚೆ’ ಅಂತ ತಾವೇ ಹೇಳುವುದನ್ನು ಕಲಿಯುತ್ತವೆ. ಕೆಲವು ಇನ್ನೂ ತಡ ಮಾಡುತ್ತವೆ. ರಾತ್ರಿ ಹಾಸಿಗೆ ಒದ್ದೆಯಾಗುವುದು ಐದು ವರ್ಷದವರೆಗೂ ಇರಬಹುದು, ಅದಕ್ಕೆ ಬೈಯುವುದರಲ್ಲಿ ಅರ್ಥವಿಲ್ಲ.

ಹೀಗೆ ಮನೆಯಲ್ಲಿ ಕಲಿತ ಮಗು ನಮ್ಮಲ್ಲಿಗೆ ಬರುತ್ತದೆ. ಬಂದರೆ ಇಲ್ಲಿ ದೊಡ್ಡವರ ಬೇಸಿನ್. ಅದರ ಎರಡು ಕಡೆ ಕಾಲಿಡಲು ಮಗುವಿಗೆ ಎಟುಕುವುದೇ ಇಲ್ಲ. ಕಿಟಕಿ ಇಲ್ಲ, ಕತ್ತಲೆ. ನಲ್ಲಿ ಎತ್ತರದಲ್ಲಿ. ಎಷ್ಟೋ ಕಡೆ ನೀರೇ ಬರದೆ ಆ ಕೋಣೆಯಲ್ಲಿ ಪೊರಕೆ, ಹಳೇ ಚೀಲ ತುಂಬಿರುತ್ತಾರೆ. ಗುಂಡಿಯೊಳಗೆ ಬಿದ್ದುಬಿಡುತ್ತೇನೆ ಅಂತ ಮಗು ಬಾಗಿಲಲ್ಲೇ ನಿಂತು ಅಳುತ್ತದೆ. ಆಮೇಲೆ ಏನಾಗುತ್ತದೆ? ಗೋಡೆ ಪಕ್ಕದ ಬಯಲಲ್ಲಿ ಕೂರಿಸುತ್ತಾರೆ. ಚಿಕ್ಕ ಮಕ್ಕಳ ಕಕ್ಕದಿಂದ ಏನೂ ತೊಂದರೆ ಇಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ. ಅದು ತಪ್ಪು. ವಾಂತಿ ಭೇದಿ, ಜಂತುಹುಳು ಅದರಿಂದಲೂ ಹರಡುತ್ತವೆ, ಅದೇ ಅಂಗಳದಲ್ಲಿ ಮಕ್ಕಳು ಮಣ್ಣಾಡುತ್ತವೆ.

ಇನ್ನು ಕೆಲವು ಮಕ್ಕಳು ಮನೆಗೆ ಹೋಗುವ ತನಕ ತಡೆದುಕೊಳ್ಳುತ್ತವೆ. ನನಗೆ ಜಾಸ್ತಿ ಸಂಕಟವಾಗುವುದು ಇದಕ್ಕೇ. ತಡೆದಷ್ಟೂ ಮಲ ಗಟ್ಟಿಯಾಗುತ್ತದೆ. ಕೂತಾಗ ನೋವು. ನೋವಿಗೆ ಹೆದರಿ ಮತ್ತೆ ತಡೆಯುವುದು. ಕೊನೆಗೆ ಗಟ್ಟಿಯಾದದ್ದರ ಪಕ್ಕದಿಂದ ತೆಳ್ಳಗೆ ಸೋರಿ ಚಡ್ಡಿ ಕೊಳೆಯಾಗುತ್ತದೆ, ಅದು ಮಗುವಿನ ಕೈಮೀರಿದ್ದು. ಮನೆಯವರು ಸೋಮಾರಿತನ ಅಂದುಕೊಂಡು ಹೊಡೆಯುತ್ತಾರೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಒಬ್ಬ ತಾಯಿಯ ಮಗಳು ಹೀಗೇ ಒದ್ದಾಡುತ್ತಿದ್ದಳು. ನಮ್ಮ ಸಹಾಯಕಿ ಬೇಸಿನ್ ಮೇಲೆ ಒಂದು ಹಲಗೆ ಅಡ್ಡ ಹಾಕಿ, ಮುಂದೆ ಎರಡು ಇಟ್ಟಿಗೆ ಜೋಡಿಸಿ, ತಾನೂ ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವಳ ಎರಡೂ ಕೈ ಹಿಡಿದುಕೊಳ್ಳುತ್ತಿದ್ದಳು. ಅವಸರ ಮಾಡಲಿಲ್ಲ, ಗದರಲಿಲ್ಲ. ಬಾಗಿಲು ತೆರೆದೇ ಇರುತ್ತಿತ್ತು. ತಾಯಿಗೆ ಹೇಳಿ ಬಾಳೆಹಣ್ಣು, ಸೊಪ್ಪು, ನೀರು ಜಾಸ್ತಿ ಕೊಡಿಸಿದೆವು, ಡಾಕ್ಟರಿಗೂ ತೋರಿಸಿದರು. ನಿಧಾನಕ್ಕೆ ಆ ಮಗುವಿನ ಹೆದರಿಕೆ ಬಿಟ್ಟಿತು. ಅಡುಗೆ ಮಾಡಿ, ಪಾತ್ರೆ ತೊಳೆದು, ಮಕ್ಕಳ ಕುಂಡಿ ತೊಳೆದು, ಚಡ್ಡಿ ಒಗೆಯುವ ಸಹಾಯಕಿಗೆ ಸಿಗುವ ಗೌರವಧನ ಎಷ್ಟು ಕಮ್ಮಿ ಅನ್ನುವುದು ಓದುಗರಿಗೆ ಗೊತ್ತೇ ಇದೆ.

ಪೇಟೆಯ ಕಥೆ ಬೇರೆ. ಕೆಲವು ಪ್ಲೇಹೋಂಗಳು ಡೈಪರ್ ಬಿಡಿಸಿಯೇ ಕಳಿಸಿ ಅಂತ ಗಡುವು ಹಾಕುತ್ತವಂತೆ. ಶಾಲೆ ಶುರುವಾಗುವ ತಾರೀಖು ನೋಡಿಕೊಂಡು ಮಗು ಕಲಿಯುತ್ತದಾ? ಗಡುವಿನ ಭಯಕ್ಕೆ ಮನೆಯಲ್ಲಿ ಬೈಗುಳ ಶುರುವಾದರೆ ಅಲ್ಲೂ ಇದೇ ತಡೆದುಕೊಳ್ಳುವ ಕಾಟ.

ಅಂಗನವಾಡಿಗಳನ್ನು ನಡೆಸುವ, 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅದಕ್ಕೀಗ 50 ವರ್ಷ ದಾಟಿತು. ಅಂಗನವಾಡಿ ಶೌಚಾಲಯಕ್ಕೆ ಕೇಂದ್ರ ಸರ್ಕಾರ ಗೊತ್ತು ಮಾಡಿದ್ದ ವೆಚ್ಚ 12,000 ರೂಪಾಯಿ ಇತ್ತು, ಕೇಂದ್ರದ ಪೌಷ್ಟಿಕಾಂಶ ಯೋಜನೆಯಾದ ಪೋಷಣ್ 2.0ರಲ್ಲಿ ಅದನ್ನು 36,000ಕ್ಕೆ ಏರಿಸಿದ್ದಾರೆ. ಸಂತೋಷ. ಆದರೆ ಆ ದುಡ್ಡಲ್ಲಿ ಮತ್ತೆ ದೊಡ್ಡವರ ಬೇಸಿನ್ನನ್ನೇ ಕೂರಿಸಿ, ಹೊರಗೋಡೆಗೆ ಚಿಟ್ಟೆ ಚಿತ್ರ ಬರೆಸಿದರೆ ಮಕ್ಕಳಿಗೆ ಏನು ಬಂತು?

ಬೇಕಾಗಿರುವುದು ದೊಡ್ಡ ಕೆಲಸವಲ್ಲ. ಚಿಕ್ಕ ಬೇಸಿನ್, ಹಿಡಿದುಕೊಳ್ಳಲು ಗೋಡೆಗೆ ಒಂದು ಕಂಬಿ, ಮಗುವಿನ ಕೈಗೆ ಸಿಗುವ ನಲ್ಲಿ, ಬೆಳಕಿಗೊಂದು ಕಿಟಕಿ. ಒಳಗಡೆ ಚಿಲಕ ಬೇಡ, ಮಕ್ಕಳು ಹಾಕಿಕೊಂಡು ಸಿಕ್ಕಿಬೀಳುತ್ತವೆ. ಮೇಸ್ತ್ರಿ ಗುರುತು ಹಾಕುವ ದಿನ ಸಹಾಯಕಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಲಿ, ಎಲ್ಲಿ ಏನಿರಬೇಕು ಅಂತ ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಬಿಲ್ ಪಾಸ್ ಮಾಡುವ ಎಂಜಿನಿಯರುಗಳು ಸಹಿ ಹಾಕುವ ಮುಂಚೆ ಆ ಊರಿನ ಮೂರು ವರ್ಷದ ಒಂದು ಮಗುವನ್ನು ಅಲ್ಲಿ ಕೂರಿಸಿ ನೋಡಬೇಕು ಅಂತ ನನ್ನ ಕೋರಿಕೆ.

ಇಂತಿ,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ತುಮಕೂರು ಜಿಲ್ಲೆ