ಬಹುಮಾನದ ಮೊತ್ತಕ್ಕಿಂತ ನಿಯಮ ಮುಖ್ಯ

ಮಾನ್ಯ ಸಂಪಾದಕರೇ,

ಅಧ್ಯಾತ್ಮ ಮತ್ತು ಸಾಮಾಜಿಕ ನ್ಯಾಯವನ್ನು ಶೋಧಿಸುವ ಕಲಾಕೃತಿಗಳಿಗೆಂದೇ ಪ್ರಶಸ್ತಿ ಸ್ಥಾಪಿಸುವ ಮಾತು ಬಂದಾಗಲೆಲ್ಲ, ವಸ್ತುವನ್ನು ಮೊದಲೇ ಗೊತ್ತುಮಾಡಿದರೆ ಕಲೆ ಭಿತ್ತಿಪತ್ರವಾಗಿಬಿಡುತ್ತದೆ ಎಂಬ ಆಕ್ಷೇಪ ಕೇಳಿಬರುತ್ತದೆ. ಅದು ಹುರುಳಿಲ್ಲದ ಆಕ್ಷೇಪವೇನಲ್ಲ. ಆದರೂ ಇಂಥ ಪ್ರಶಸ್ತಿಗಳನ್ನು ಬೆಂಬಲಿಸಬೇಕು ಎಂಬುದು ನನ್ನ ಅಭಿಪ್ರಾಯ.

ಆಸ್ಟ್ರೇಲಿಯಾದ ಬ್ಲೇಕ್ ಪ್ರಶಸ್ತಿಯನ್ನೇ ನೋಡಬಹುದು. ಕವಿಯೂ ಚಿತ್ರಕಾರನೂ ಆಗಿದ್ದ ವಿಲಿಯಂ ಬ್ಲೇಕ್‌ನ ಹೆಸರಿನಲ್ಲಿ 1951ರಲ್ಲಿ ಸಿಡ್ನಿಯಲ್ಲಿ ಇದನ್ನು ಹುಟ್ಟುಹಾಕಿದವರು ಒಬ್ಬ ಜೆಸ್ಯೂಟ್ ಪಾದ್ರಿ ಮತ್ತು ಒಬ್ಬ ಯಹೂದಿ ಗೃಹಸ್ಥ. ಧಾರ್ಮಿಕ ಕಲೆಯ ಮಟ್ಟ ಸುಧಾರಿಸಬೇಕೆಂಬುದಷ್ಟೇ ಆಗಿನ ಉದ್ದೇಶ. ಮೊದಲ ವರ್ಷ ಗೆದ್ದದ್ದು ಸಿಂಹಾಸನಾರೂಢ ಮೇರಿ ಮಾತೆಯ ಚಿತ್ರ. ಆದರೆ 1961ರಲ್ಲಿ ಸ್ಟಾನಿಸ್ಲಾಸ್ ರಾಪೊಟೆಕ್ ಅವರ ಅಮೂರ್ತ ಚಿತ್ರವೊಂದಕ್ಕೆ ಪ್ರಶಸ್ತಿ ಸಂದಾಗ, ಇದರಲ್ಲಿ ಧರ್ಮವೆಲ್ಲಿದೆ ಎಂಬ ವಿವಾದವೇ ಎದ್ದಿತು. ಅಂಥ ವಿವಾದವನ್ನು ತಾಳಿಕೊಂಡದ್ದೇ ಆ ಪ್ರಶಸ್ತಿಯ ಹೆಚ್ಚುಗಾರಿಕೆ ಎಂದು ನಾನು ಭಾವಿಸುತ್ತೇನೆ. ಇಂದು ಯಾವ ಮತದವರೂ, ಯಾವ ಮತಕ್ಕೂ ಸೇರದವರೂ ಅದಕ್ಕೆ ಕೃತಿ ಕಳಿಸಬಹುದು.

ನ್ಯಾಯದ ಕಲೆ ಘೋಷಣೆ ಕೂಗಲೇಬೇಕೆಂದಿಲ್ಲ. ಕೊಲಂಬಿಯಾದ ಕಲಾವಿದೆ ಡೋರಿಸ್ ಸಾಲ್ಸೆಡೊ 2007ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾಗ್ಯಾಲರಿಯ ಕಾಂಕ್ರೀಟ್ ನೆಲದಲ್ಲಿ 167 ಮೀಟರ್ ಉದ್ದದ ಬಿರುಕನ್ನು ಮೂಡಿಸಿದರು. ಕೂದಲೆಳೆಯಷ್ಟು ಸಣ್ಣದಾಗಿ ಆರಂಭವಾಗಿ ಮುಂದೆ ಮುಂದೆ ಅಗಲವಾಗುತ್ತ, ಆಳವಾಗುತ್ತ ಹೋಗುವ ಆ ಸೀಳು, ವಲಸೆ ಬಂದವರನ್ನು ಹೊರಗಿಡುವ ಜನಾಂಗಭೇದವನ್ನು ಒಂದಕ್ಷರವೂ ಇಲ್ಲದೆ ಹೇಳಿತು. ಪ್ರದರ್ಶನ ಮುಗಿದ ಮೇಲೆ ಬಿರುಕನ್ನು ಮುಚ್ಚಲಾಯಿತು, ಅದರ ಗುರುತು ಮಾತ್ರ ನೆಲದಲ್ಲಿ ಉಳಿದುಕೊಂಡಿದೆ. ಮುಂದೆ ಇವರಿಗೆ ಹಿರೋಶಿಮಾ ಕಲಾ ಪ್ರಶಸ್ತಿ ಸಂದಿತು. ಅಣುಬಾಂಬಿಗೆ ತುತ್ತಾದ ನಗರವೇ, ಶಾಂತಿಗಾಗಿ ದುಡಿದ ಕಲಾವಿದರಿಗೆಂದು 1989ರಲ್ಲಿ ಸ್ಥಾಪಿಸಿದ ಪ್ರಶಸ್ತಿಯದು. ಆ ಬಿರುಕಿನಂಥ ಕೃತಿಯನ್ನು ಅಧ್ಯಾತ್ಮವೆನ್ನಬೇಕೋ ರಾಜಕೀಯವೆನ್ನಬೇಕೋ ಎಂದು ವಿಂಗಡಿಸಲು ಹೊರಟರೆ ಕೈಗೆ ಏನೂ ಸಿಗುವುದಿಲ್ಲ.

ಹಾಗೆಂದು ಬೆಂಬಲವೆಂದರೆ ದೊಡ್ಡ ಮೊತ್ತದ ಚೆಕ್ಕು, ಹಾರ, ಭಾವಚಿತ್ರ ಇಷ್ಟೇ ಆಗಬಾರದು. ಹಣ ಕೊಟ್ಟವರು, ಅವರು ಮಠವಾಗಲಿ, ಉದ್ಯಮಿಯಾಗಲಿ, ಸರ್ಕಾರವಾಗಲಿ, ತೀರ್ಪುಗಾರರ ಮಂಡಳಿಯಲ್ಲಿ ಕೂರಬಾರದು. ತಮ್ಮ ನಂಬಿಕೆಯನ್ನೋ ನಡವಳಿಕೆಯನ್ನೋ ಪ್ರಶ್ನಿಸುವ ಕೃತಿ ಗೆದ್ದರೂ ಮುಂದಿನ ವರ್ಷದ ಹಣ ನಿಲ್ಲುವುದಿಲ್ಲವೆಂಬ ಭರವಸೆ ಬರವಣಿಗೆಯಲ್ಲಿರಬೇಕು. ಗೆದ್ದ ಒಂದು ಕೃತಿಯನ್ನಷ್ಟೇ ಅಲ್ಲ, ಅಂತಿಮ ಸುತ್ತಿಗೆ ಬಂದ ಎಲ್ಲವನ್ನೂ ಸಾರ್ವಜನಿಕರಿಗೆ ತೋರಿಸಬೇಕು, ಏಕೆಂದರೆ ತೀರ್ಪನ್ನು ಒಪ್ಪದಿರುವ ಅವಕಾಶ ನೋಡುಗರಿಗೆ ಸಿಗುವುದು ಆಗಲೇ.

ಇನ್ನು ಪ್ರವೇಶ ಶುಲ್ಕ. ನ್ಯಾಯದ ಹೆಸರಿನ ಸ್ಪರ್ಧೆಗೆ ಶುಲ್ಕ ಕಟ್ಟಲಾಗದ, ಕೃತಿಯನ್ನು ಕಟ್ಟಿ ಸಾಗಿಸುವ ಖರ್ಚು ಭರಿಸಲಾಗದ ಕಲಾವಿದರೇ ಹೊರಗುಳಿದರೆ ಅದಕ್ಕಿಂತ ವಿಪರ್ಯಾಸ ಬೇಕೇ? ಸಾಗಣೆಗೆ ಹಣ ಕೊಟ್ಟ ದಾನಿಯ ಹೆಸರನ್ನು ಯಾರೂ ಫಲಕದಲ್ಲಿ ಕೆತ್ತಿಸುವುದಿಲ್ಲ. ಆದ್ದರಿಂದಲೇ ಈ ಬಾಬ್ತಿನ ಖರ್ಚನ್ನು ಸಾರ್ವಜನಿಕ ಹಣದಿಂದ ಭರಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಕಲಾಸಕ್ತ ಓದುಗ